ಸಂಖ್ಯಾಶಾಸ್ತ್ರದ ಉಪಾಧ್ಯಾಯ: ಕಲ್ಕತ್ತೆಯ ಒಂದು ತರಗತಿ (೧೯೪೧–೧೯೪೬)

೧

ಶಾಸ್ತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿದ್ಧಾಂತಗಳನ್ನೂ ಅವುಗಳ ಕರ್ತೃಗಳನ್ನೂ ಎಣಿಸುವರು. ಸಿದ್ಧಾಂತವು ಹುಟ್ಟಿದ ಕೊಠಡಿಯನ್ನು ಕುರಿತು ವಿಚಾರಿಸುವವರು ವಿರಳ. ಉಪಾಧ್ಯಾಯನ ದಿನಚರಿಯು ಚರಿತ್ರೆಗೆ ತಕ್ಕ ವಸ್ತುವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಪಾಠ ಹೇಳುವುದು ಒಂದು ಕೆಲಸ, ಹೊಸದನ್ನು ಕಂಡುಹಿಡಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕೊಟ್ಟ ಹೊತ್ತು ಎರಡನೆಯದಕ್ಕೆ ನಷ್ಟ ಎಂಬ ಅಭಿಪ್ರಾಯವು ವಿದ್ಯಾಲಯಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಒಂದು ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನಿದರ್ಶನವು ಕಲ್ಕತ್ತೆಯದು, ಕಾಲವು ಎರಡನೆಯ ಮಹಾಯುದ್ಧದ ವರ್ಷಗಳು, ಉಪಾಧ್ಯಾಯನು ಇಪ್ಪತ್ತನಾಲ್ಕು ವರ್ಷವೂ ತುಂಬದ ತರುಣನು. ಆತನ ಹೆಸರು ಕಲ್ಯಂಪೂಡಿ ರಾಧಾಕೃಷ್ಣ ರಾವ್. ೧೯೨೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿಯಲ್ಲಿ ಹುಟ್ಟಿದವರಾದುದರಿಂದ ಕನ್ನಡ ನಾಡಿಗೂ ಈ ವೃತ್ತಾಂತಕ್ಕೂ ಒಂದು ಸಂಬಂಧವುಂಟು. ಆ ಸಂಬಂಧದ ಬೆಲೆಯೆಷ್ಟೆಂಬುದು ಕೊನೆಯಲ್ಲಿ ವಿಚಾರಿಸಲ್ಪಡುವುದು.

೨

ಭಾರತದಲ್ಲಿ ಸಂಖ್ಯಾಶಾಸ್ತ್ರದ ಬೋಧನೆಯು ಭೌತಶಾಸ್ತ್ರದ ಮನೆಯಲ್ಲಿ ಅತಿಥಿಯಾಗಿ ಹುಟ್ಟಿತು. ಪ್ರಶಾಂತಚಂದ್ರ ಮಹಾಲನೋಬಿಸರು (೧೮೯೩–೧೯೭೨) ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ ೧೯೧೫ರಲ್ಲಿ ಸ್ವದೇಶಕ್ಕೆ ಹೊರಟಾಗ, ‘ಬಯೋಮೆಟ್ರಿಕ’ ಎಂಬ ಪತ್ರಿಕೆಯ ಸಂಪುಟಗಳು ಅವರೊಡನೆ ಹಡಗನ್ನೇರಿದುವು. ಪ್ರಯಾಣದಲ್ಲಿ ಅವನ್ನು ಓದುತ್ತ ಬಂದ ಅವರಿಗೆ, ಜೀವಿಗಳ ಅಳತೆ, ಮಳೆಯ ಪ್ರಮಾಣ, ಬೆಳೆಯ ಇಳುವರಿ ಮುಂತಾದ ಚಂಚಲವಾದ ವಿಷಯಗಳನ್ನು ಕ್ರಮವಾಗಿ ತೂಗಿ ನೋಡುವ ಒಂದು ಹೊಸ ವಿದ್ಯೆಯಿದೆಯೆಂಬುದು ಮನದಟ್ಟಾಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ನೇಮಕವಾದದ್ದು ಭೌತಶಾಸ್ತ್ರವನ್ನು ಕಲಿಸುವುದಕ್ಕೆ. ಆ ಕೆಲಸವನ್ನು ಸುಮಾರು ಮೂವತ್ತು ವರ್ಷ ನಡೆಸಿದರು. ಸಂಖ್ಯಾಶಾಸ್ತ್ರವು ಅದರ ಬಿಡುವಿನಲ್ಲಿ ಬೆಳೆಯಿತು. ೧೯೨೨ರಲ್ಲಿ ಉತ್ತರ ಬಂಗಾಳದ ನೆರೆಹಾವಳಿಯ ಕಾರಣವನ್ನು ಮಳೆಯ ಲೆಕ್ಕದಿಂದ ಶೋಧಿಸುವ ಕೆಲಸವು ಅವರಿಗೆ ಬಂದಿತು. ಅದೇ ವರ್ಷ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ಎತ್ತರವನ್ನು ಕುರಿತ ಅವರ ಲೇಖನವೂ ಪ್ರಕಟವಾಯಿತು.

ಕಾಲೇಜಿನ ಬೇಕರ್ ಪ್ರಯೋಗಶಾಲೆಯಲ್ಲಿದ್ದ ಅವರ ಕೊಠಡಿಯೇ ‘ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ’ ಎನ್ನಿಸಿತು. ೧೯೩೧ನೆಯ ಡಿಸೆಂಬರ್ ೧೭ರಂದು ಕೂಡಿದ ಸಭೆಯು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಲು ನಿಶ್ಚಯಿಸಿತು. ೧೯೩೨ನೆಯ ಏಪ್ರಿಲ್ ೨೮ರಂದು ಅದು ನೋಂದಣಿಯಾಯಿತು. ಮೊದಲ ವರ್ಷದ ವೆಚ್ಚವು ೩೦೦ ರೂಪಾಯಿಗಳನ್ನು ಮುಟ್ಟಲಿಲ್ಲ. ೧೯೩೩ರಲ್ಲಿ ‘ಸಂಖ್ಯಾ’ ಎಂಬ ಪತ್ರಿಕೆಯು ಹೊರಟಿತು. ಈ ಹೆಸರಿನ ಆಯ್ಕೆಯು ಅರ್ಥವತ್ತಾದುದು. ಸಂಸ್ಕೃತದಲ್ಲಿ ‘ಸಂಖ್ಯಾ’ ಎಂದರೆ ಎಣಿಕೆಯೂ ಹೌದು, ವಿವೇಚನೆಯಿಂದ ಪಡೆದ ನಿಶ್ಚಿತಜ್ಞಾನವೂ ಹೌದು. ಎಣಿಸುವುದು ತಿಳಿಯುವುದಕ್ಕಾಗಿ ಎಂಬ ಅಭಿಪ್ರಾಯವು ಆ ಒಂದೇ ಮಾತಿನಲ್ಲಿ ಅಡಗಿದೆ.

ಈ ವಿದ್ಯೆಯನ್ನು ಕಲಿಸುವವರು ಆಗ ದೇಶದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಅವರನ್ನು ಮೊದಲು ತಯಾರುಮಾಡಬೇಕಾಗಿತ್ತು. ಆಶುತೋಷ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ರಾಜಚಂದ್ರ ಬೋಸರು ಜ್ಯಾಮಿತಿಯಲ್ಲಿ ಪಂಡಿತರು, ಸಂಖ್ಯಾಶಾಸ್ತ್ರವನ್ನು ಅರಿತವರಲ್ಲ. ೧೯೩೨ರ ಕೊನೆಯಲ್ಲಿ ಮಹಾಲನೋಬಿಸರು ಅವರನ್ನು ಕರೆತಂದು, ಓದಬೇಕಾದ ೫೦ ಲೇಖನಗಳ ಪಟ್ಟಿಯೊಂದನ್ನೂ ಫಿಷರರ ಗ್ರಂಥವನ್ನೂ ಕೈಗೆ ಕೊಟ್ಟು, ಸದ್ಯಕ್ಕೆ ಇಷ್ಟು ಸಾಕೆಂದರು. ಸಮರೇಂದ್ರನಾಥ ರಾಯ್ ಮೊದಲಾದವರೂ ಹೀಗೆಯೇ ಬೇರೆ ಶಾಸ್ತ್ರಗಳಿಂದ ಬಂದು ಸೇರಿದರು. ಹೀಗೆ ಮೊದಲ ಪೀಳಿಗೆಯ ಉಪಾಧ್ಯಾಯರೆಲ್ಲರೂ ಓದುತ್ತ ಓದುತ್ತಲೇ ಬೋಧಕರಾದವರು.

೩

೧೯೪೧ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಸಂಖ್ಯಾಶಾಸ್ತ್ರದಲ್ಲಿ ಎಂ. ಎ. ತರಗತಿಯನ್ನು ತೆರೆಯಿತು. ಮಹಾಲನೋಬಿಸರು ಗೌರವ ಮುಖ್ಯಸ್ಥರಾದರು. ಬೋಸ್, ರಾಯ್ ಮುಂತಾದವರು ಪಾಠ ಹೇಳತೊಡಗಿದರು. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ರಾಧಾಕೃಷ್ಣ ರಾಯರೊಬ್ಬರು.

ರಾಯರು ಅಲ್ಲಿಗೆ ಬಂದದ್ದು ಉದ್ದೇಶಪೂರ್ವಕವಾಗಿ ಅಲ್ಲ. ಅವರ ತಂದೆ ಪೋಲೀಸು ಇಲಾಖೆಯ ಅಧಿಕಾರಿ. ವರ್ಗಾವಣೆಗಳ ಕಾರಣದಿಂದ ಬಾಲಕನ ವಿದ್ಯಾಭ್ಯಾಸವು ಗೂಡೂರು, ನೂಜಿವೀಡು, ನಂದಿಗಾಮ, ವಿಶಾಖಪಟ್ಟಣಗಳಲ್ಲಿ ನಡೆಯಿತು. ಹತ್ತು ಮಕ್ಕಳಲ್ಲಿ ಎಂಟನೆಯವರಾದುದರಿಂದ, ದೇವಕಿಯ ಎಂಟನೆಯ ಮಗನ ಹೆಸರು ಅವರಿಗೆ ಬಂದಿತು. ತಾಯಿ ದಿನವೂ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪವನ್ನು ಹಚ್ಚಿಟ್ಟು ಓದಿಗೆ ಕೂರಿಸುತ್ತಿದ್ದುದನ್ನು ಅವರು ವೃದ್ಧಾಪ್ಯದಲ್ಲಿಯೂ ಸ್ಮರಿಸಿದ್ದಾರೆ. ೧೯೪೦ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಎಂ. ಎ. ಪದವಿಯನ್ನು ಪಡೆದು, ಸೈನ್ಯಕ್ಕೆ ಸಂಬಂಧಿಸಿದ ಗಣಿತಜ್ಞನ ಕೆಲಸವೊಂದನ್ನು ಅರಸಿ ಅವರು ಕಲ್ಕತ್ತೆಗೆ ಹೋದರು. ಆ ಕೆಲಸವು ದೊರೆಯಲಿಲ್ಲ. ಅಲ್ಲಿ ಪರಿಚಯವಾದ ಒಬ್ಬ ದಕ್ಷಿಣದೇಶದ ತರುಣನು ಮಹಾಲನೋಬಿಸರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದನು. ಅವನಿಂದ ವಿಷಯ ತಿಳಿದು ಅರ್ಜಿ ಸಲ್ಲಿಸಿ, ೧೯೪೧ನೆಯ ಜನವರಿ ೧ರಂದು ಸಂಸ್ಥೆಯನ್ನು ಸೇರಿದರು. ಅದೇ ವರ್ಷ ಎಂ. ಎ. ತರಗತಿಯು ತೆರೆದಾಗ ಅಲ್ಲಿಗೆ ಹೋಗಿ, ೧೯೪೩ರಲ್ಲಿ ಮೊದಲನೆಯ ದರ್ಜೆಯಲ್ಲಿ ಮೊದಲಿಗರಾಗಿ ಚಿನ್ನದ ಪದಕದೊಡನೆ ಉತ್ತೀರ್ಣರಾದರು. ಕೂಡಲೇ ಸಂಸ್ಥೆಯಲ್ಲಿ ಸಂಶೋಧಕರೂ ವಿಶ್ವವಿದ್ಯಾನಿಲಯದಲ್ಲಿ ಅಲ್ಪಕಾಲಿಕ ಉಪಾಧ್ಯಾಯರೂ ಆದರು. ನಿನ್ನೆ ಬೆಂಚಿನ ಮೇಲೆ ಕುಳಿತಿದ್ದವರು ಇಂದು ಹಲಗೆಯ ಮುಂದೆ ನಿಂತರು.

೪

ಆ ಕಾಲದ ಸಂಖ್ಯಾಶಾಸ್ತ್ರದ ಉಪಾಧ್ಯಾಯನ ಕೆಲಸವು ಮೂರು ಬಗೆಯಾಗಿತ್ತು: ಪಾಠ, ಲೆಕ್ಕ, ತರಬೇತಿ.

ಪಾಠಕ್ಕೆ ಒಪ್ಪಗೊಂಡ ಪಠ್ಯಪುಸ್ತಕಗಳು ಬಹಳ ಕಡಮೆ. ಫಿಷರರ ಗ್ರಂಥಗಳು ವಿಧಾನವನ್ನು ಹೇಳಿದರೂ ಸಾಧನೆಯನ್ನು ಬಹುತೇಕ ಓದುಗನಿಗೆ ಬಿಡುತ್ತಿದ್ದುವು. ಉಪಾಧ್ಯಾಯನು ಮೂಲಲೇಖನಗಳನ್ನು ತಾನೇ ಓದಿ, ಸಾಧನೆಯ ನಡುವಣ ಮೆಟ್ಟಲುಗಳನ್ನು ತಾನೇ ಕಟ್ಟಿ, ತರಗತಿಗೆ ಒಯ್ಯಬೇಕಾಗಿತ್ತು. ಯುದ್ಧದ ದೆಸೆಯಿಂದ ಹೊರದೇಶದ ಪತ್ರಿಕೆಗಳು ಬರುವುದೂ ತಡವಾಗುತ್ತಿತ್ತು.

ಲೆಕ್ಕವೆಂಬುದು ದೇಹಶ್ರಮವೇ ಆಗಿತ್ತು. ಒಂದು ಉದಾಹರಣೆ ಸಾಕು. ಮಹಾಲನೋಬಿಸರು ೧೯೩೬ರಲ್ಲಿ ಪ್ರಕಟಿಸಿದ ‘ದೂರ’ವೆಂಬ ಅಳತೆಯು, ಎರಡು ಜನಸಮುದಾಯಗಳು ತಲೆಯ ಉದ್ದ, ಮೂಗಿನ ಅಗಲ ಮುಂತಾದ ಹಲವು ಲಕ್ಷಣಗಳಲ್ಲಿ ಒಟ್ಟಾರೆ ಎಷ್ಟು ಬೇರೆಯೆಂಬುದನ್ನು ಒಂದೇ ಅಂಕೆಯಲ್ಲಿ ತಿಳಿಸುತ್ತದೆ. ಸಮುದಾಯಗಳು ೨೦ ಎಂದಿಟ್ಟುಕೊಂಡರೆ ಜೋಡಿಗಳು ೧೯೦ ಆಗುವುವು. ಒಂದೊಂದು ಜೋಡಿಗೂ ಎಲ್ಲ ಲಕ್ಷಣಗಳ ಪರಸ್ಪರ ಸಂಬಂಧವನ್ನು ಲೆಕ್ಕಕ್ಕೆ ಹಿಡಿಯಬೇಕು. ಇಂದು ಕಣ್ಣುಮಿಟುಕುವಷ್ಟರಲ್ಲಿ ಮುಗಿಯುವ ಈ ಕೆಲಸವನ್ನು ಅಂದು ಲೆಕ್ಕದ ಯಂತ್ರದ ಮುಂದೆ ಕುಳಿತು, ಗುಣಾಕಾರವನ್ನು ಒಂದೊಂದಾಗಿ ಮಾಡಿ, ಕಾಗದಕ್ಕಿಳಿಸಿ, ಮತ್ತೊಬ್ಬರಿಂದ ತಾಳೆನೋಡಿಸಿ ಮುಗಿಸಬೇಕಾಗಿತ್ತು. ೧೯೪೧ರಲ್ಲಿ ಸಂಯುಕ್ತಪ್ರಾಂತದಲ್ಲಿ ಮಜುಮ್‌ದಾರರು ಸಂಗ್ರಹಿಸಿದ ದೇಹಮಾಪನಗಳ ವಿಶ್ಲೇಷಣೆಯಲ್ಲಿ ರಾಯರು ಪಡೆದ ಅಭ್ಯಾಸವು ಈ ಬಗೆಯದು. ಅದರ ಫಲವು ಮೂವರ ಹೆಸರಿನಲ್ಲಿ ೧೯೪೯ರ ‘ಸಂಖ್ಯಾ’ ಪತ್ರಿಕೆಯಲ್ಲಿ ಬಂದಿತು.

ತರಬೇತಿಯ ಕಾರ್ಯವು ಇನ್ನೂ ಗಂಭೀರವಾದುದು. ಸಂಸ್ಥೆಯು ೧೯೩೭ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಯ ಗದ್ದೆಗಳಿಂದ ಅಂದಾಜುಮಾಡುವ ಪ್ರಯತ್ನವನ್ನು ನಡೆಸಿತ್ತು. ಎಲ್ಲ ಗದ್ದೆಗಳನ್ನೂ ಅಳೆಯದೆ, ಅದೃಷ್ಟದ ಚೀಟಿಯಿಂದ ಆರಿಸಿದ ಕೆಲವನ್ನು ಮಾತ್ರ ಅಳೆದು ಒಟ್ಟನ್ನು ಹೇಳುವುದು ಇದರ ಕ್ರಮ. ಆದರೆ ಅಳೆಯುವವನು ಮನುಷ್ಯನು. ಕೆಸರಿನ ಗದ್ದೆಗೆ ಇಳಿಯದೆ ದಂಡೆಯ ಮೇಲೆಯೇ ಅಂಕೆ ಬರೆದುಕೊಳ್ಳುವ ಆಸೆಯು ಅವನಿಗುಂಟು. ಅದಕ್ಕಾಗಿ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು, ಒಬ್ಬರ ಲೆಕ್ಕವು ಮತ್ತೊಬ್ಬರಿಗೆ ತಿಳಿಯದಂತೆ, ಬೇರೆಬೇರೆಯಾಗಿ ಕಳುಹಿಸಿ ಎರಡು ಉತ್ತರಗಳನ್ನು ಹೋಲಿಸುವ ಉಪಾಯವನ್ನು ಮಹಾಲನೋಬಿಸರು ಬಳಕೆಗೆ ತಂದರು. ಹೀಗಿರಲು ಸಂಖ್ಯಾಶಾಸ್ತ್ರದ ಉಪಾಧ್ಯಾಯನು ಶಿಷ್ಯನಿಗೆ ಸೂತ್ರಗಳ ಜತೆಗೆ ಅಂಕೆಗಳ ವಿಷಯದಲ್ಲಿ ಸಂಶಯವನ್ನೂ ಕಲಿಸಬೇಕಾಗಿತ್ತು.

ಈ ಸಂಶಯವು ಪಂಡಿತರ ವಿನೋದವಾಗಿರಲಿಲ್ಲವೆಂಬುದಕ್ಕೆ ಕಲ್ಕತ್ತೆಯ ಬೀದಿಗಳೇ ಸಾಕ್ಷಿ. ೧೯೪೨ನೆಯ ಡಿಸೆಂಬರಿನಲ್ಲಿ ನಗರದ ಮೇಲೆ ಜಪಾನೀಯರ ಬಾಂಬುಗಳು ಬಿದ್ದುವು. ೧೯೪೩ರಲ್ಲಿ ಬಂಗಾಳವನ್ನು ಕ್ಷಾಮವು ಹಿಡಿಯಿತು. ಹಳ್ಳಿಗಳಿಂದ ಬಂದ ಜನರು ನಗರದ ಕಾಲುದಾರಿಗಳ ಮೇಲೆ ಹಸಿವಿನಿಂದ ಸತ್ತರು. ಸತ್ತವರು ಎಷ್ಟು ಜನ? ೧೯೪೫ರ ಕ್ಷಾಮವಿಚಾರಣೆಯ ಆಯೋಗವು ಸುಮಾರು ೧೫ ಲಕ್ಷವೆಂದಿತು; ಅನಂತರದ ವಿದ್ವಾಂಸರಲ್ಲಿ ಕೆಲವರು ಅದರ ಇಮ್ಮಡಿಯವರೆಗೂ ಹೇಳಿದ್ದಾರೆ. ಈ ಎರಡು ಅಂಕೆಗಳ ನಡುವೆ ನಿಂತ ಪ್ರಶ್ನೆಯೇ ಅಂದಾಜಿನ ಶಾಸ್ತ್ರದ ಪ್ರಶ್ನೆ: ಕೈಗೆ ಸಿಕ್ಕ ಅಲ್ಪಸ್ವಲ್ಪ ಮಾಹಿತಿಯಿಂದ ನಿಜಕ್ಕೆ ಎಷ್ಟು ಸಮೀಪ ಹೋಗಬಹುದು? ಕ್ಷಾಮದ ತರುವಾಯ ಬಂಗಾಳದ ಹಳ್ಳಿಗಳ ಸ್ಥಿತಿಯನ್ನು ಸಂಸ್ಥೆಯು ಮಾದರಿಯ ಕ್ರಮದಿಂದ ಶೋಧಿಸಿ, ವರದಿಯನ್ನು ೧೯೪೬ರಲ್ಲಿ ಪ್ರಕಟಿಸಿತು. ಅಂದಾಜನ್ನು ಕುರಿತು ಪಾಠ ಹೇಳಿದವರೂ ಕೇಳಿದವರೂ ಈ ನೆರಳಿನಲ್ಲಿಯೇ ಇದ್ದರು.

೫

೧೯೪೪ರಲ್ಲಿ ರಾಯರು ಎಂ. ಎ. ತರಗತಿಗೆ ಅಂದಾಜಿನ ಸಿದ್ಧಾಂತವನ್ನು ಬೋಧಿಸುತ್ತಿದ್ದರು. ಫಿಷರರು ೧೯೨೦ರ ದಶಕದ ಲೇಖನಗಳಲ್ಲಿ ‘ಮಾಹಿತಿ’ ಎಂಬುದಕ್ಕೆ ಒಂದು ಗಣಿತದ ಅಳತೆಯನ್ನು ಕೊಟ್ಟು, ಮಾದರಿಯು ಬಹಳ ದೊಡ್ಡದಾದಾಗ ಅಂದಾಜಿನ ಏರುಪೇರು ಆ ಮಾಹಿತಿಯು ಹಾಕಿದ ಒಂದು ಎಲ್ಲೆಗಿಂತ ಕೆಳಗೆ ಇಳಿಯಲಾರದೆಂದು ತೋರಿಸಿದ್ದರು. ಇದನ್ನು ರಾಯರು ವಿವರಿಸುತ್ತಿರಲಾಗಿ, ವಿದ್ಯಾರ್ಥಿಯೊಬ್ಬನು ಎದ್ದು, ಮಾದರಿಯು ಚಿಕ್ಕದಾಗಿದ್ದಾಗಲೂ ಇಂತಹ ಎಲ್ಲೆಯೊಂದನ್ನು ಏಕೆ ಸಾಧಿಸಬಾರದೆಂದು ಕೇಳಿದನು. ಉಪಾಧ್ಯಾಯರ ಬಳಿ ಉತ್ತರವಿರಲಿಲ್ಲ. ಅವರು ಮುಂದೆ ತಾವೇ ತಿಳಿಸಿರುವಂತೆ, ಅಂದು ಮನೆಗೆ ಹೋಗಿ ರಾತ್ರಿಯೆಲ್ಲ ಕುಳಿತು ಸಾಧಿಸಿ, ಮರುದಿನ ಉತ್ತರವನ್ನು ತರಗತಿಗೆ ಒಪ್ಪಿಸಿದರು.

ಪ್ರಶ್ನೆ ಕೇಳಿದ ವಿದ್ಯಾರ್ಥಿಯು ವಿ. ಎಂ. ದಾಂಡೇಕರ್. ಆತನು ೧೯೨೦ನೆಯ ಜುಲೈಯಲ್ಲಿ ಹುಟ್ಟಿದವನು; ಎಂದರೆ ಉಪಾಧ್ಯಾಯನಿಗಿಂತ ಎರಡು ತಿಂಗಳು ಹಿರಿಯನು. ಮುಂದೆ ಪುಣೆಯ ಗೋಖಲೆ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞನಾಗಿ, ನೀಲಕಂಠ ರಥರೊಡನೆ ೧೯೭೧ರಲ್ಲಿ ಭಾರತದ ಬಡತನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ ಪ್ರಸಿದ್ಧನಾದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಾಧನೆಗೆ ಬೇಕಾದ ಮುಖ್ಯ ಉಪಕರಣವು ಕೋಶಿ-ಶ್ವಾರ್ಟ್ಸ್ ಎಂಬ ಅಸಮತೆ. ಅದು ಗಣಿತದ ಪದವಿಯ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ಕೀಲಿಯು ಗೂಟದ ಮೇಲೆಯೇ ತೂಗುತ್ತಿದ್ದಿತು. ಬಾಗಿಲು ಎಲ್ಲಿದೆಯೆಂದು ಕೇಳಿದವರಿರಲಿಲ್ಲ. ದೊಡ್ಡ ಮಾದರಿಯ ನಿರ್ಣಯಕ್ಕೆ ಒಗ್ಗಿಹೋದ ಪಂಡಿತರಿಗೆ ಹೊಳೆಯದ ಪ್ರಶ್ನೆಯು, ವಿಷಯವನ್ನು ಮೊದಲ ಬಾರಿಗೆ ಕೇಳುತ್ತಿದ್ದವನಿಗೆ ಹೊಳೆಯಿತು.

೬

ಸಿದ್ಧಾಂತದ ತಿರುಳನ್ನು ಗಣಿತವಿಲ್ಲದೆಯೂ ಹೇಳಬಹುದು. ಒಂದು ಸೀಮೆಯ ಗದ್ದೆಗಳ ಇಳುವರಿಯು ಒಂದರಿಂದ ಒಂದಕ್ಕೆ ಹೆಚ್ಚುಕಡಮೆಯಾಗುತ್ತಿದ್ದು, ಆ ಏರುಪೇರಿನ ಅಳತೆಯು ೨೦ ಸೇರು ಎಂದೂ, ಅದರ ಹಂಚಿಕೆಯು ಶಾಸ್ತ್ರದಲ್ಲಿ ‘ಸಹಜ’ವೆನ್ನಿಸಿಕೊಂಡ ಕ್ರಮದ್ದೆಂದೂ ಇಟ್ಟುಕೊಳ್ಳೋಣ. ೧೦೦ ಗದ್ದೆಗಳನ್ನು ಆರಿಸಿ ಅಳೆದು ಸರಾಸರಿ ತೆಗೆದರೆ, ಆ ಸರಾಸರಿಯ ಏರುಪೇರು ೨ ಸೇರಿಗೆ ಇಳಿಯುವುದು. ಸರಾಸರಿಯನ್ನು ಬಿಟ್ಟು ಮತ್ತಾವುದಾದರೂ ಜಾಣತನದ ಲೆಕ್ಕದಿಂದ, ಪಕ್ಷಪಾತವಿಲ್ಲದೆ, ಇದಕ್ಕಿಂತ ಉತ್ತಮವಾದ ಅಂದಾಜನ್ನು ಪಡೆಯಬಹುದೆ? ಪಡೆಯಲಾಗದೆಂಬುದೇ ರಾಯರ ಉತ್ತರ. ಏರುಪೇರನ್ನು ೧ ಸೇರಿಗೆ ತರಬೇಕಾದರೆ ೪೦೦ ಗದ್ದೆಗಳನ್ನು ಅಳೆಯಬೇಕು, ಬೇರೆ ದಾರಿಯಿಲ್ಲ. ಮಾಹಿತಿಯು ಇದ್ದಷ್ಟೇ ನಿಖರತೆ. ಜಾಣತನವು ಮಾಹಿತಿಯನ್ನು ಪೋಲುಮಾಡದೆ ಉಳಿಸಬಲ್ಲುದು, ಇಲ್ಲದ ಮಾಹಿತಿಯನ್ನು ಸೃಷ್ಟಿಸಲಾರದು. ಸರಕಾರಗಳೂ ವ್ಯಾಪಾರಿಗಳೂ ಅಲ್ಪ ಶೋಧನೆಯಿಂದ ಅತಿ ನಿಖರವಾದ ಅಂಕೆಗಳನ್ನು ಘೋಷಿಸುವಲ್ಲಿ ಅವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ದೃಢವಾದ ಆಧಾರವಿಲ್ಲ.

ಈ ಫಲವನ್ನೊಳಗೊಂಡ ಲೇಖನವು ೧೯೪೫ರಲ್ಲಿ ಕಲ್ಕತ್ತೆಯ ಗಣಿತಸಂಘದ ಪತ್ರಿಕೆಯ ೩೭ನೆಯ ಸಂಪುಟದಲ್ಲಿ, ೮೧ರಿಂದ ೯೧ರವರೆಗಿನ ಹನ್ನೊಂದು ಪುಟಗಳಲ್ಲಿ ಪ್ರಕಟವಾಯಿತು. ಅದೇ ಪುಟಗಳಲ್ಲಿ ಇನ್ನೆರಡು ಫಲಗಳಿವೆ. ಒರಟಾದ ಅಂದಾಜೊಂದನ್ನು ಮಾದರಿಯ ಸಾರದ ಸಹಾಯದಿಂದ ತಿದ್ದಿ ಉತ್ತಮಗೊಳಿಸುವ ಕ್ರಮವು ಒಂದು. ೧೯೪೭ರಲ್ಲಿ ಅಮೆರಿಕದ ಬ್ಲ್ಯಾಕ್‌ವೆಲ್ಲರೂ ಸ್ವತಂತ್ರವಾಗಿ ಕಂಡುದರಿಂದ ಅದಕ್ಕೆ ಇಬ್ಬರ ಹೆಸರೂ ನಿಂತಿದೆ. ಸಂಭವನೀಯತೆಯ ಹಂಚಿಕೆಗಳ ನಡುವಣ ದೂರವನ್ನು ಜ್ಯಾಮಿತಿಯಿಂದ ಅಳೆಯುವ ಕ್ರಮವು ಇನ್ನೊಂದು.

ಎಲ್ಲೆಯ ಸಿದ್ಧಾಂತಕ್ಕೂ ಜೊತೆಗಾರರುಂಟು. ಫ್ರಾನ್ಸಿನಲ್ಲಿ ಫ್ರೆಷೇ ೧೯೪೩ರಲ್ಲಿ ಇದನ್ನು ಹೋಲುವ ಫಲವನ್ನು ಪ್ರಕಟಿಸಿದ್ದರು. ಸ್ವೀಡನ್ನಿನಲ್ಲಿ ಕ್ರಮೇರ್ ಯುದ್ಧಕಾಲದಲ್ಲಿ ಬರೆದು ೧೯೪೬ರಲ್ಲಿ ಹೊರತಂದ ಗ್ರಂಥದಲ್ಲಿ ಇದೇ ಅಸಮತೆಯಿದೆ. ಯುದ್ಧವು ಹಾದಿಗಳನ್ನು ಮುಚ್ಚಿದ್ದುದರಿಂದ ಒಬ್ಬರ ಕೆಲಸವು ಮತ್ತೊಬ್ಬರಿಗೆ ಬೇಗ ತಿಳಿಯುವಂತಿರಲಿಲ್ಲ. ‘ಕ್ರಮೇರ್-ರಾವ್’ ಎಂಬ ಜೋಡಿಹೆಸರನ್ನು ರೂಢಿಗೆ ತಂದವರು ನೇಮನ್ನರು. ಆದ್ಯತೆಯ ಚರ್ಚೆಯು ಚರಿತ್ರಕಾರರಿಗೆ ಪ್ರಿಯವಾದುದಾದರೂ ಇಲ್ಲಿ ಅದು ಮುಖ್ಯವಲ್ಲ. ಪ್ಯಾರಿಸಿನಲ್ಲಿಯೂ ಸ್ಟಾಕ್‌ಹೋಮಿನಲ್ಲಿಯೂ ಇದನ್ನು ಕಂಡವರು ಪ್ರಸಿದ್ಧರಾದ ಹಿರಿಯ ಪ್ರೊಫೆಸರರು. ಕಲ್ಕತ್ತೆಯಲ್ಲಿ ಕಂಡವನು ಪಾಠಕ್ಕೆ ಉತ್ತರ ಕೊಡಬೇಕಾಗಿದ್ದ ಒಬ್ಬ ಅಲ್ಪಕಾಲಿಕ ಉಪಾಧ್ಯಾಯ.

೭

೧೯೪೬ರಲ್ಲಿ ರಾಯರು ಕೇಂಬ್ರಿಜ್ಜಿಗೆ ಹೊರಟರು. ಸುಡಾನಿನ ಜೆಬೆಲ್ ಮೋಯ ಎಂಬಲ್ಲಿ ಭೂಮಿಯಿಂದ ತೆಗೆದ ಪ್ರಾಚೀನ ಅಸ್ಥಿಗಳನ್ನು ಮಹಾಲನೋಬಿಸರ ‘ದೂರ’ದಿಂದ ಅಳೆದು, ಆ ಜನರು ಯಾರ ಬಳಗದವರೆಂಬುದನ್ನು ನಿರ್ಣಯಿಸುವುದಕ್ಕಾಗಿ ಅಲ್ಲಿಯ ವಸ್ತುಸಂಗ್ರಹಶಾಲೆಯವರು ಕಲ್ಕತ್ತೆಯಿಂದ ಸಹಾಯ ಕೇಳಿದ್ದರು. ಆ ಕೆಲಸದ ಜತೆಗೆ ಫಿಷರರ ಬಳಿ ಶಿಷ್ಯರಾಗಿ ೧೯೪೮ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಹಿಂದಿರುಗಿದರು. ಮುಂದಿನ ಮೂರು ದಶಕಗಳು ಸಂಸ್ಥೆಯ ಸಂಶೋಧನ ಮತ್ತು ಶಿಕ್ಷಣ ವಿಭಾಗಕ್ಕೆ ಸಂದುವು. ೧೯೫೯ರ ಶಾಸನವು ಸಂಸ್ಥೆಗೆ ಪದವಿಗಳನ್ನು ಕೊಡುವ ಅಧಿಕಾರವನ್ನು ನೀಡಿತು. ರಾಯರ ಬಳಿ ಕಲಿತವರಲ್ಲಿ ದೇವವ್ರತ ಬಸು ಮೊದಲಿಗರು, ಎಸ್. ಆರ್. ಎಸ್. ವರಧನ್ನರು ೨೦೦೭ರಲ್ಲಿ ಗಣಿತದ ಆಬೆಲ್ ಪಾರಿತೋಷಕವನ್ನು ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ ಅಲ್ಲಿಯೂ ಬೋಧಿಸಿದ ರಾಯರಿಗೆ ೨೦೦೧ರಲ್ಲಿ ಪದ್ಮವಿಭೂಷಣವೂ, ೨೦೨೩ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪಾರಿತೋಷಕವೂ ಸಂದುವು. ಈ ಎರಡನೆಯ ಗೌರವಕ್ಕೆ ೧೯೪೫ರ ಆ ಲೇಖನವೇ ಮುಖ್ಯ ಆಧಾರ. ಅದೇ ೨೦೨೩ರ ಆಗಸ್ಟ್ ೨೨ರಂದು, ೧೦೨ ವರ್ಷ ತುಂಬಿದ್ದ ಅವರು ಅಮೆರಿಕದಲ್ಲಿ ತೀರಿಕೊಂಡರು.

೮

ಕನ್ನಡ ನಾಡು ಈ ಕೀರ್ತಿಯಲ್ಲಿ ಪಾಲು ಕೇಳಬಹುದೆ? ಹಡಗಲಿಯು ಅಂದು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದು, ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಭಾಗವಾಗಿ ಮೈಸೂರು ಸಂಸ್ಥಾನಕ್ಕೆ ಬಂದಿತು. ಇಂದು ವಿಜಯನಗರ ಜಿಲ್ಲೆಯಲ್ಲಿದೆ. ರಾಯರ ಮನೆಮಾತು ತೆಲುಗು, ಓದಿದ್ದು ಆಂಧ್ರದಲ್ಲಿ, ವಿದ್ಯೆಯು ಫಲಿಸಿದ್ದು ಬಂಗಾಳದಲ್ಲಿ. ಹುಟ್ಟೂರೆಂಬ ಒಂದೇ ಕಾರಣದಿಂದ ಹೆಚ್ಚಿನ ಹಕ್ಕನ್ನು ಸಾಧಿಸಹೊರಡುವುದು, ಒಂದು ಗದ್ದೆಯನ್ನು ಅಳೆದು ಇಡೀ ಸೀಮೆಯ ಬೆಳೆಯನ್ನು ಹೇಳಿದಂತೆ ಆದೀತು. ಹಡಗಲಿಯ ಜನರು ತಮ್ಮೂರಿನಲ್ಲಿ ಹುಟ್ಟಿದವರೆಂದು ಸಂತೋಷಪಡುವುದು ನ್ಯಾಯವಾಗಿದೆ; ಅದಕ್ಕೆ ಮೀರಿದ ಮಾತನ್ನು ಚರಿತ್ರೆಯು ಬೆಂಬಲಿಸುವುದಿಲ್ಲ.

ಕನ್ನಡದ ವಿದ್ವಾಂಸರಿಗೂ ಉಪಾಧ್ಯಾಯರಿಗೂ ಈ ವೃತ್ತಾಂತದಿಂದ ದೊರೆಯುವ ಲಾಭವು ಬೇರೆ ಬಗೆಯದು. ಮಹಾಭಾರತದ ಅರಣ್ಯಪರ್ವದಲ್ಲಿ ಬರುವ, ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ಯಿಂದ ಮನೆಮಾತಾದ ನಳನ ಕಥೆಯಲ್ಲಿ, ಋತುಪರ್ಣರಾಜನು ರಥದಲ್ಲಿ ಹೋಗುತ್ತ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ನೋಟಮಾತ್ರದಿಂದ ಎಣಿಸಿ ಹೇಳುತ್ತಾನೆ. ನಳನು ಆ ಮಾತನ್ನು ಹಾಗೆಯೇ ಒಪ್ಪುವುದಿಲ್ಲ. ರಥವನ್ನು ನಿಲ್ಲಿಸಿ, ಇಳಿದು, ಎಣಿಸಿ ನೋಡುತ್ತಾನೆ. ಅನಂತರವೇ ಅಕ್ಷಹೃದಯವೂ ಅಶ್ವಹೃದಯವೂ ಪರಸ್ಪರ ಕೈ ಬದಲಾಗುವುವು. ಆ ಪ್ರಸಂಗದಲ್ಲಿ ಯಾರು ಗುರು, ಯಾರು ಶಿಷ್ಯ ಎಂದು ಹೇಳುವುದು ಕಷ್ಟ. ಕಲ್ಕತ್ತೆಯ ತರಗತಿಯಲ್ಲಿ ನಡೆದದ್ದೂ ಅಂತಹ ವಿನಿಮಯವೇ. ದಾಂಡೇಕರನು ಮಾತನ್ನು ಹಾಗೆಯೇ ಒಪ್ಪಲಿಲ್ಲ. ರಾಯರು ಆ ಅಡ್ಡಿಯನ್ನು ಉದ್ಧಟತನವೆಂದು ತಳ್ಳಿಹಾಕಲಿಲ್ಲ. ಪಾಠವು ಸಂಶೋಧನೆಯ ಹೊತ್ತನ್ನು ಕದಿಯುವುದೆಂಬ ವಾದವನ್ನು ಎಲ್ಲ ಸಂದರ್ಭಗಳಲ್ಲಿಯೂ ಅಲ್ಲಗಳೆಯಲು ಒಂದು ನಿದರ್ಶನವು ಸಾಲದು. ಸಂಖ್ಯಾಶಾಸ್ತ್ರವೇ ಅದನ್ನು ಒಪ್ಪದು. ಆದರೆ ಆ ವಾದವು ನಿರಪವಾದವಲ್ಲವೆಂದು ತೋರಿಸಲು ಒಂದೇ ನಿದರ್ಶನವು ಸಾಕು. ೧೯೪೪ರಲ್ಲಿ ರಾಯರು ಪಾಠದಿಂದ ಬಿಡುವು ಪಡೆದಿದ್ದರೆ ಆ ಪ್ರಶ್ನೆಯು ಅಂದು ಅವರ ಕಿವಿಗೆ ಬೀಳುತ್ತಿರಲಿಲ್ಲ.